ವಸುಮತಿಯವರ ಬೀಟೆ ಮಂಚ

ಮೈಸೂರು
೧೨-೧೦-೧೯೫೮

ರಸಿಕಶ್ರೇಷ್ಠರಾದ ಆಲೆಟ್ಟಿ ರಾಮಪ್ರಸಾದ ಭಟ್ಟರಿಗೆ, ಒಂದು ಕಾಲದಲ್ಲಿ ನಿಮ್ಮಂಥವರ ಚಪ್ಪಾಳೆಯನ್ನೇ ಉಂಡು ಬದುಕಿದ ವಸುಮತಿಯ ನಮಸ್ಕಾರಗಳು.

ನನ್ನ ಹೆಸರು ಕಂಡೊಡನೆ ನಿಮಗೆ ಪುತ್ತೂರಿನ ಆ ನಾಟಕದ ಕ್ಯಾಂಪು ನೆನಪಾಗಿರಬೇಕು. ಏಳು ವರ್ಷವಾಯಿತು. ಗಾಳಿಗೆ ಡೇರೆ ಹರಿದು, ಕಂಪೆನಿ ಮುಳುಗಿ, ನಾವೆಲ್ಲ ಸಿಕ್ಕಿದ ಬಸ್ಸು ಹತ್ತಿ ದಿಕ್ಕಾಪಾಲಾದಾಗ ನನ್ನ ಸಾಮಾನನ್ನು ನಿಮ್ಮ ಮನೆಯೊಳಗೆ ಇಟ್ಟು ಕಾಪಾಡಿದವರು ನೀವು. ಬೀಟೆ ಮಂಚ, ನಿಲುಗನ್ನಡಿಯ ಮೇಜು, ಬೆತ್ತದ ಆರಾಮ ಕುರ್ಚಿ. "ಮಳೆಗಾಲ ಕಳೆದ ಕೂಡಲೇ ತರಿಸಿಕೊಳ್ಳುತ್ತೇನೆ" ಎಂದಿದ್ದೆ. ಎಷ್ಟು ಮಳೆಗಾಲ ಕಳೆಯಿತು ಎಂದು ನೀವು ಕೇಳಬಾರದು, ನಾನು ಹೇಳಬಾರದು. ಸಾಮಾನು ಇಡಲು ಜಾಗವಿರುವ ಮನೆ ನನಗೆ ಇಂದಿಗೂ ಸಿಕ್ಕಿಲ್ಲ.

ಈಗ ಸಂತೋಷದ ವಿಷಯ. ಮಗಳು ಊರ್ಮಿಳಾಳಿಗೆ ಮದುವೆ ಗೊತ್ತಾಗಿದೆ. ಹುಡುಗ ಹಾಸನದಲ್ಲಿ ಹೈಸ್ಕೂಲು ಮೇಷ್ಟ್ರು. ಅವನಿಗೆ ಪೂರ್ತಿ ಮನಸ್ಸಿದೆ, ಅವನ ತಾಯಿಗೆ ಅರೆಮನಸ್ಸು. ಮಡಿ, ಶಾಸ್ತ್ರ ಎಂದರೆ ಪ್ರಾಣ ಬಿಡುವ ಹೆಂಗಸು. ಹೆಣ್ಣು ನೋಡಲು ಬಂದವಳು ನಮ್ಮ ಒಂದೂವರೆ ಕೋಣೆಯ ಮನೆಯನ್ನು ಮೂಗಿನ ತುದಿಯಿಂದ ನೋಡಿ, "ನಾಟಕದವರ ಮನೇಲಿ ಬಣ್ಣದ ಡಬ್ಬಿ ಬಿಟ್ಟು ಇನ್ನೇನಿರುತ್ತೆ" ಎಂದು ಪಕ್ಕದವಳ ಕಿವಿಯಲ್ಲಿ ಹೇಳಿದಳು. ಅದು ನನಗೂ ಕೇಳಿಸಿತು. ಸಿಟ್ಟು ನೆತ್ತಿಗೇರಿ, "ನನ್ನ ಮಗಳು ಬೀಟೆಯ ಮಂಚದ ಜೊತೆ ನಿಮ್ಮ ಮನೆ ತುಂಬುತ್ತಾಳೆ. ಹುಬ್ಬಳ್ಳಿಯ ಜನ ನನಗೆ ಸನ್ಮಾನ ಮಾಡಿ ಕೊಟ್ಟ ಮಂಚ ಅದು. ನಿಮ್ಮ ಹಾಸನದಲ್ಲಿ ಅಂಥದ್ದು ಇನ್ನೊಂದಿಲ್ಲ" ಎಂದುಬಿಟ್ಟೆ. ಆಕೆ ಆಗಲೇ ಕಣ್ಣರಳಿಸಿದ್ದು, ಅಲ್ಲಿಯೇ ಹೂ ಮುಡಿಸಿದ್ದು. ಸತ್ಯ ಹೇಳಬೇಕೆಂದರೆ ಮದುವೆ ಈಗ ನಿಂತಿರುವುದು ಆ ಮಂಚದ ನಾಲ್ಕು ಕಾಲುಗಳ ಮೇಲೆ.

ಮುಹೂರ್ತ ಮಾಘ ಶುದ್ಧ ಪಂಚಮಿಗೆ, ಫೆಬ್ರವರಿ ಹನ್ನೆರಡಕ್ಕೆ. ಕನ್ನಡಿ, ಕುರ್ಚಿ ನಿಮ್ಮಲ್ಲೇ ಇರಲಿ. ಮಂಚ ಒಂದನ್ನು ಯಾವುದಾದರೂ ಲಾರಿಯಲ್ಲಿ ಕಳಿಸಿಕೊಡಿ. ತಲೆದೆಸೆಯ ಹಲಗೆಯಲ್ಲಿ ಎರಡು ಹಂಸಗಳ ಕೆತ್ತನೆಯಿದೆ, ಅದಕ್ಕೆ ಪೆಟ್ಟಾಗದಂತೆ ಹುಲ್ಲು ಸುತ್ತಿಸಿ.

ಇಂತು ನಿಮ್ಮ ಸೌಜನ್ಯಕ್ಕೆ ಸದಾ ತಲೆಬಾಗುವ,
ವಸುಮತಿ

&nbsp;

ಆಲೆಟ್ಟಿ, ಪುತ್ತೂರು ತಾಲೂಕು
೩-೧೧-೧೯೫೮

ಶ್ರೀಮತಿ ವಸುಮತಿಯವರಿಗೆ, ರಾಮಪ್ರಸಾದ ಭಟ್ಟರ ಹೆಂಡತಿ ಮನೋರಮೆಯ ನಮಸ್ಕಾರ.

ನೀವು ಬರೆದ ಪತ್ರವನ್ನು ಯಜಮಾನರು ಓದುವ ಸ್ಥಿತಿಯಲ್ಲಿಲ್ಲ. ಶ್ರಾವಣದಲ್ಲಿ ಅವರಿಗೆ ಪಕ್ಷವಾತವಾಯಿತು. ಬಲಗೈ, ಬಲಗಾಲು ಬಿದ್ದುಹೋಗಿವೆ, ಮಾತೂ ನಿಂತಿದೆ. ಎಡಗೈ ಮಾತ್ರ ಆಡುತ್ತದೆ, ಕಿವಿ ಚೆನ್ನಾಗಿ ಕೇಳುತ್ತದೆ. ನಿಮ್ಮ ಪತ್ರವನ್ನು ನಾನೇ ಗಟ್ಟಿಯಾಗಿ ಓದಿ ಹೇಳಿದೆ. "ರಸಿಕಶ್ರೇಷ್ಠ" ಎಂಬಲ್ಲಿ ಅವರ ಕಣ್ಣಿನಲ್ಲಿ ನೀರು ಬಂತು. ಮೂರು ತಿಂಗಳಿಂದ ಅವರ ಮಲಮೂತ್ರ ಬಾಚುತ್ತಿರುವ ನನಗಾಗಿ ಅದು ಒಮ್ಮೆಯೂ ಬಂದಿರಲಿಲ್ಲ.

ನಿಮ್ಮ ಸಾಮಾನಿನ ವಿಷಯ. ಕನ್ನಡಿಯ ಪಾದರಸ ಎದ್ದುಹೋಗಿದೆ, ಈಗ ಅದರಲ್ಲಿ ಮುಖ ನೋಡಿದರೆ ಯಾರಿಗಾದರೂ ತೊನ್ನು ಬಂದ ಹಾಗೆ ಕಾಣುತ್ತದೆ. ಆರಾಮ ಕುರ್ಚಿಯ ಮೇಲೆ ಅಡಿಕೆಯ ಗೋಣಿ ಇಟ್ಟಿದ್ದೆವು, ಬೆತ್ತ ಹರಿದು ಕೆಳಗೆ ಹೋಯಿತು. ಮಂಚ ಮಾತ್ರ ಹೊಸದರಂತೆ ಉಂಟು. ಯಜಮಾನರು ದಿನಾ ಬೆಳಿಗ್ಗೆ ತಮ್ಮ ಶಾಲಿನ ತುದಿಯಿಂದ ಆ ಹಂಸಗಳನ್ನು ಒರೆಸುತ್ತಿದ್ದರು. ಈಗ ಅದೇ ಮಂಚದ ಮೇಲೆ ಬಿದ್ದುಕೊಂಡಿದ್ದಾರೆ. ಬೇರೆ ಕಡೆ ಮಲಗಿಸಲು ಹೋದರೆ ಎಡಗೈಯಲ್ಲಿ ಮಂಚದ ಪಟ್ಟಿ ಹಿಡಿದು ಬಿಡುವುದಿಲ್ಲ.

ಹಾಗಾಗಿ ಈಗ ಕಳಿಸಲು ಆಗುವುದಿಲ್ಲ. ಮಗಳ ಮದುವೆ ಚಂದಕ್ಕೆ ಆಗಲಿ.

ಮನೋರಮಾ

&nbsp;

ಮೈಸೂರು
೧೮-೧೧-೧೯೫೮

ಸೌಭಾಗ್ಯವತಿ ಮನೋರಮಮ್ಮನವರಿಗೆ ನಮಸ್ಕಾರಗಳು.

ಪತ್ರ ತಲುಪಿತು. ಅಂಥ ರಸಿಕರಿಗೆ ಇಂಥ ಗತಿಯೇ? ನಾನೇ ಆಲೆಟ್ಟಿಗೆ ಬಂದು, ಅವರ ಪಕ್ಕದಲ್ಲಿ ಕುಳಿತು ಒಂದೆರಡು ರಂಗಗೀತೆ ಹಾಡಲೇ? ಹಾಡು ಕೇಳಿ ನಾಲಿಗೆ ಮರಳಿದವರನ್ನು ನಾನು ಕಂಡಿದ್ದೇನೆ. ಗಂಟಲು ಮೊದಲಿನಂತಿಲ್ಲ, ಆದರೂ ಒಂದು ಮನೆಗೆ ಸಾಲುವಷ್ಟು ಉಳಿದಿದೆ.

ಬಂದವಳು ಹೋಗುವಾಗ ಮಂಚವನ್ನೂ ಹೊರಡಿಸಿಕೊಂಡು ಹೋಗಬಹುದಲ್ಲವೇ? ತಪ್ಪು ತಿಳಿಯಬೇಡಿ. ರೋಗಿಗೆ ಯಾವ ಮಂಚವಾದರೂ ಒಂದೇ. ಸೊಳ್ಳೆಪರದೆ ಕಟ್ಟುವಂಥ ಹಗುರವಾದ ಹಲಸಿನ ಮಂಚ ನಿಮ್ಮ ಕಡೆ ಸಿಕ್ಕೇ ಸಿಗುತ್ತದೆ. ನನ್ನ ಮಗಳಿಗೆ ಹಾಗಲ್ಲ. ಬೀಗಿತ್ತಿ ಹಾಸನದಿಂದ ಎರಡು ಸಲ ಕಾಗದ ಬರೆಸಿ, ಮಂಚದ ಉದ್ದಗಲ ಎಷ್ಟು ಎಂದು ಕೇಳಿದ್ದಾಳೆ. ಅದಕ್ಕಾಗಿ ಕೋಣೆಗೆ ಸುಣ್ಣ ಹೊಡೆಸುತ್ತಿದ್ದಾಳಂತೆ. ಈಗ ಇಲ್ಲ ಎಂದರೆ "ನಾಟಕದವಳ ಮಾತು" ಎಂದು ತಾಂಬೂಲ ಹಿಂದಕ್ಕೆ ಕಳಿಸುತ್ತಾಳೆ. ಹೆಣ್ಣು ಹೆತ್ತವರ ಕಷ್ಟ ನಿಮಗೆ ಗೊತ್ತಿಲ್ಲದ್ದಲ್ಲ.

ನಿಮ್ಮ ಉತ್ತರದ ದಾರಿ ಕಾಯುವ,
ವಸುಮತಿ

&nbsp;

ಆಲೆಟ್ಟಿ
೬-೧೨-೧೯೫೮

ವಸುಮತಿಯವರಿಗೆ,

ನೀವು ಬರುವುದು ಬೇಡ. ಹಾಡುವುದಂತೂ ಬೇಡವೇ ಬೇಡ. ಈ ಮನೆಯಲ್ಲಿ ಹೆಂಗಸರು ಹಾಡುವ ಕ್ರಮವಿಲ್ಲ, ಅದನ್ನು ಹೇಳಿಕೊಟ್ಟವರೇ ಆ ಮಂಚದಲ್ಲಿ ಮಲಗಿದವರು.

ನನ್ನ ತವರು ಕಡಬ. ಅಪ್ಪ ಭಾಗವತರೊಬ್ಬರನ್ನು ಮನೆಯಲ್ಲೇ ಇರಿಸಿಕೊಂಡು ಆರು ವರ್ಷ ನನಗೆ ಸಂಗೀತ ಹೇಳಿಸಿದರು. ಮದುವೆಯಾಗಿ ಬರುವಾಗ ಹಾರ್ಮೋನಿಯಂ ಕೂಡ ತಂದಿದ್ದೆ. ಬಂದ ಎಂಟನೆಯ ದಿನ ಬಾವಿಕಟ್ಟೆಯಲ್ಲಿ ಒಂದು ಕೃತಿ ಗುನುಗಿದೆ. ಯಜಮಾನರು ಒಳಗೆ ಕರೆದು ಹೇಳಿದರು: "ಮನೆ ಹೆಂಗಸರು ಹಾಡುದು ಎಂತ ಚಂದ ಮಾರಾಯ್ತಿ? ಕೆಲಸದವರು ಕೇಳಿದ್ರೆ ಎಂತ ಹೇಳಿಯಾರು?" ಬೈಯಲಿಲ್ಲ, ನಗುತ್ತಲೇ ಹೇಳಿದರು. ಹಾರ್ಮೋನಿಯಂ ಅಟ್ಟಕ್ಕೆ ಹೋಯಿತು. ಅದರ ತಿದಿಯನ್ನು ಇಲಿ ತಿಂದಿತು. ಇಪ್ಪತ್ತೆರಡು ವರ್ಷವಾಯಿತು, ನಾನು ಬಾಯಿ ಬಿಟ್ಟಿಲ್ಲ. ಮಗನನ್ನು ಮಲಗಿಸುವಾಗ ಜೋಗುಳವನ್ನೂ ಹೇಳಲಿಲ್ಲ, ಸಿಟ್ಟಿನಲ್ಲಿ.

ಅದೇ ಮನುಷ್ಯ ನಿಮ್ಮ ಕಂಪೆನಿ ಪುತ್ತೂರಿನಲ್ಲಿದ್ದಾಗ ಮೂವತ್ತೆರಡು ಆಟ ನೋಡಿದರು. ಅಡಿಕೆ ಕೊಯ್ಲಿನ ಸಮಯದಲ್ಲಿ ಕೂಡ. ನಿಮ್ಮ ಮಂಚ ಬಂದ ಮೇಲೆ ಅದರಲ್ಲಿ ಒಬ್ಬರೇ ಮಲಗಿದರು. ಒಮ್ಮೆ ಸೊಂಟ ನೋವೆಂದು ನಾನು ಅದರ ತುದಿಯಲ್ಲಿ ಕೂತೆ. "ಅಲ್ಲಿ ಕೂತುಕೊಳ್ಳುದು ಬೇಡ" ಎಂದರು. ನಾನು ಎದ್ದು ಚಾಪೆಗೆ ಹೋದೆ. ಇದನ್ನೆಲ್ಲ ನಿಮಗೆ ಯಾಕೆ ಬರೆಯುತ್ತಿದ್ದೇನೋ ತಿಳಿಯದು. ಬರೆದಾಯಿತು.

ಮಂಚದ ವಿಷಯ ಹೆದರಬೇಡಿ. ಪುತ್ತೂರಿನ ಡಾಕ್ಟರು ಬಂದು ನೋಡಿ ಇನ್ನು ಒಂದೆರಡು ತಿಂಗಳು ಎಂದಿದ್ದಾರೆ. ನಮ್ಮಲ್ಲಿ ಮಂಚದ ಮೇಲೆ ಪ್ರಾಣ ಹೋಗಲು ಬಿಡುವುದಿಲ್ಲ. ಹಾಗೆ ಹೋದರೆ ಹೋದವರಿಗೆ ಸದ್ಗತಿಯಿಲ್ಲ, ಆ ಮಂಚದಲ್ಲಿ ಮತ್ತೆ ಯಾರೂ ಮಲಗುವಂತಿಲ್ಲ. ಉಸಿರು ಬದಲಾದ ಕೂಡಲೇ ಸೆಗಣಿ ಸಾರಿಸಿದ ನೆಲದಲ್ಲಿ ದರ್ಭೆ ಹಾಸಿ ಕೆಳಗೆ ಇಳಿಸುತ್ತೇವೆ. ಇಳಿಸಿದ ಗಳಿಗೆಯಿಂದ ಮಂಚ ನಿಮ್ಮದು. ನನ್ನ ಮಾತು ನಂಬಿ.

ಮನೋರಮಾ

&nbsp;

ಮೈಸೂರು
೨೦-೧೨-೧೯೫೮

ಮನೋರಮಮ್ಮನವರಿಗೆ,

ನಿಮ್ಮ ಪತ್ರದಿಂದ ಎದೆಯ ಮೇಲಿನ ಕಲ್ಲು ಇಳಿಯಿತು. ನಿಮ್ಮದು ದೊಡ್ಡ ಮನಸ್ಸು.

ಹಾಡಿನ ಬಗ್ಗೆ ಬರೆದಿದ್ದೀರಿ. ಅದಕ್ಕಾಗಿ ಇಷ್ಟು ವರ್ಷ ಕೊರಗುವುದೇ? ಮನೆಯಲ್ಲಿ ಹಾಡುವಾಗ ಎಲ್ಲರೂ ಚೆನ್ನಾಗಿಯೇ ಹಾಡುತ್ತಾರೆ, ತಾಯಿ. ಮೂರು ಸಾವಿರ ಜನ ಬೀಡಿ ಸೇದುತ್ತಾ ಕೂತಿರುವಲ್ಲಿ ಮೈಕಿಲ್ಲದೆ ಕೊನೆಯ ಬೆಂಚಿಗೆ ಮುಟ್ಟಿಸುವುದು ಬೇರೆ. ಆರು ವರ್ಷ ಭಾಗವತರ ಹತ್ತಿರ ಕಲಿತವರು ನಮ್ಮ ಕಂಪೆನಿಗೂ ಬರುತ್ತಿದ್ದರು. ಹೆಚ್ಚಿನವರನ್ನು ಮಾಲೀಕರು ಸಖಿಯರ ಸಾಲಿನಲ್ಲಿ ನಿಲ್ಲಿಸುತ್ತಿದ್ದರು. ನೀವು ಅಂಥ ಅವಮಾನಕ್ಕೆ ಸಿಗದೆ ಗೃಹಿಣಿಯಾಗಿ ಉಳಿದಿರಿ, ಒಳ್ಳೆಯದೇ ಆಯಿತು.

ಇನ್ನೊಂದು ಮಾತು ಕೇಳಲು ಲಜ್ಜೆಯಾಗುತ್ತದೆ, ಕೇಳದಿದ್ದರೆ ನಿದ್ದೆ ಬರುವುದಿಲ್ಲ. ಮುಹೂರ್ತ ಫೆಬ್ರವರಿ ಹನ್ನೆರಡಕ್ಕೆ. ಲಾರಿ, ಪಾಲಿಶು ಎಲ್ಲ ಸೇರಿ ಹದಿನೈದು ದಿನವಾದರೂ ಬೇಕು. ಭಟ್ಟರದ್ದು ಅಷ್ಟರೊಳಗೆ ಆಗಬಹುದೇ? ಡಾಕ್ಟರನ್ನು ಇನ್ನೊಮ್ಮೆ ಕೇಳಿ ಬರೆಯುತ್ತೀರಾ? ಬೀಗಿತ್ತಿಗೆ ಈ ಕಾಯಿಲೆಯ ವಿಷಯ ಏನೂ ತಿಳಿಸಿಲ್ಲ. ಮಂಚ ಪಾಲಿಶಿಗೆ ಹೋಗಿದೆ ಎಂದಿದ್ದೇನೆ.

ನಿಮ್ಮವಳೇ ಆದ,
ವಸುಮತಿ

&nbsp;

ಆಲೆಟ್ಟಿ
೨೭-೧-೧೯೫೯

ವಸುಮತಿಯವರಿಗೆ,

ನೀವು ಕೇಳಿದ ಸಮಯದೊಳಗೆ ಆಯಿತು. ಇದೇ ತಿಂಗಳು ಎಂಟನೆಯ ತಾರೀಕು, ಬೆಳಿಗ್ಗೆ ಹತ್ತರ ಸುಮಾರಿಗೆ ಯಜಮಾನರು ಹೋದರು. ಕ್ರಮಪ್ರಕಾರ ದರ್ಭೆಯ ಮೇಲೆ ಇಳಿಸಿದೆವು. ಹದಿಮೂರು ದಿನದ್ದೆಲ್ಲ ಮುಗಿಯಿತು.

ಮಂಚವನ್ನು ಬಾವಿಕಟ್ಟೆಗೆ ತಂದು ಸೀಗೆ ಹಾಕಿ ತೊಳೆಸಿ, ಆಚಾರಿಯಿಂದ ಎರಡು ಸಲ ಪಾಲಿಶು ಮಾಡಿಸಿದೆ. ಕಾಲುಗಳನ್ನು ಬಿಚ್ಚಿ, ಹುಲ್ಲು ಸುತ್ತಿ, ನಮ್ಮ ಆಳು ಮಾಯಿಲಪ್ಪ ಕಲ್ಲುಗುಂಡಿಯಲ್ಲಿ ಮೈಸೂರಿಗೆ ಹೋಗುವ ಮರದ ಲಾರಿಗೆ ಏರಿಸಿದ್ದಾನೆ. ಹಂಸಗಳಿಗೆ ಒಂದು ಗೀರೂ ಇಲ್ಲ.

ಮದುಮಗಳಿಗೆ ಒಂದು ಸೀರೆ ಕಳಿಸಬೇಕೆಂದು ಮನಸ್ಸಾಗಿದೆ. ಸೂತಕದ ಮನೆಯಿಂದ ಮದುವೆಗೆ ಮೊದಲು ಕಳಿಸಬಾರದು. ಆಮೇಲೆ ಹಾಸನಕ್ಕೇ ಕಳಿಸುತ್ತೇನೆ, ಬೀಗರ ಹೆಸರು, ವಿಳಾಸ ಬರೆದು ತಿಳಿಸಿ.

ಮನೋರಮಾ

&nbsp;

ಮೈಸೂರು
೧೬-೨-೧೯೫೯

ಪ್ರೀತಿಯ ಮನೋರಮಮ್ಮನವರಿಗೆ,

ಭಟ್ಟರ ಆತ್ಮಕ್ಕೆ ಶಾಂತಿ ಸಿಗಲಿ. ನಿಮ್ಮ ಋಣ ನಾನು ಏಳು ಜನ್ಮಕ್ಕೂ ತೀರಿಸಲಾರೆ.

ಮದುವೆ ಕಳೆಯಿತು. ಮಂಚ ಹಾಸನ ತಲುಪಿದ ದಿನ ಆ ಬೀದಿಯ ಹೆಂಗಸರೆಲ್ಲ ನೋಡಲು ಬಂದರಂತೆ. ಬೀಗಿತ್ತಿ ತಾನೇ ನಿಂತು ಕೂಡಿಸಿದಳು. ಹಂಸದ ಕೊಕ್ಕನ್ನು ಬೆರಳಿನಿಂದ ಮುಟ್ಟಿ ಮುಟ್ಟಿ ನೋಡಿದಳು. "ನಿಮ್ಮಮ್ಮ ದೊಡ್ಡ ಮನುಷ್ಯಳೇ ಇರಬೇಕು ಕಣೇ" ಎಂದು ಊರ್ಮಿಳಾಳ ಹತ್ತಿರ ಹೇಳಿದಳಂತೆ. ಆ ಒಂದು ಮಾತಿಗಾಗಿ ನಾನು ಎಷ್ಟು ಕಾಗದ ಬರೆದೆ ನೋಡಿ. ರಂಗದ ಮೇಲೆ ಸಿಕ್ಕಿದ ಯಾವ ಪದಕವೂ ನನಗೆ ಅಷ್ಟು ಸುಖ ಕೊಟ್ಟಿರಲಿಲ್ಲ.

ಊರ್ಮಿಳಾ ಗಂಡನ ಜೊತೆ ಚೆನ್ನಾಗಿದ್ದಾಳೆ. ಬಂದ ಕಾಗದದಲ್ಲಿ ಅವಳ ಅಕ್ಷರವೇ ನಗುತ್ತಿದೆ. ವಿಳಾಸ ಬೇರೆ ಚೀಟಿಯಲ್ಲಿ ಬರೆದು ಇಟ್ಟಿದ್ದೇನೆ.

ನಿಮ್ಮ ತಂಗಿಯೆಂದು ತಿಳಿಯಿರಿ,
ವಸುಮತಿ

&nbsp;

ಆಲೆಟ್ಟಿ
೨-೩-೧೯೫೯

ವಸುಮತಿಯವರಿಗೆ,

ನಿಮ್ಮ ಬೀಗಿತ್ತಿಗೆ ಸೀರೆ ಕಳಿಸಲಿಲ್ಲ, ಪತ್ರ ಕಳಿಸಿದ್ದೇನೆ. ಅದರಲ್ಲಿ ಬರೆದದ್ದನ್ನೇ ನಿಮಗೂ ಬರೆಯುತ್ತೇನೆ. ಹಿಂದಿನಿಂದ ಮಾತಾಡುವ ಅಭ್ಯಾಸ ನನಗಿಲ್ಲ.

ಯಜಮಾನರನ್ನು ನಾನು ಕೆಳಗೆ ಇಳಿಸಲಿಲ್ಲ.

ಅಂದು ಬೆಳಿಗ್ಗೆ ಉಸಿರು ಬದಲಾಯಿತು. ಮಗ ಉದಯಶಂಕರ ನೆಲ ಸಾರಿಸಿ, ದರ್ಭೆ ಹಾಸಿ ಸಿದ್ಧವಾಗಿದ್ದ. ಮೈದುನ ಅಚ್ಯುತ ಪುರೋಹಿತರನ್ನು ಕರೆಯಲು ಹೋಗಿದ್ದ. ಮಗ ಕೇಳಿದ: "ಅಮ್ಮ, ಇನ್ನು ಇಳಿಸುದಲ್ಲವಾ?" ನಾನು "ಈಗ ಬೇಡ, ಇನ್ನೂ ಹೊತ್ತುಂಟು" ಎಂದೆ. ಸ್ವಲ್ಪ ಹೊತ್ತಿಗೆ ಮತ್ತೆ ಕೇಳಿದ. ಮತ್ತೆ ಅದನ್ನೇ ಹೇಳಿದೆ. ಮೂರನೆಯ ಸಲ ಅವನು ಅಳುತ್ತಾ ಅಪ್ಪನನ್ನು ಎತ್ತಲು ಅವರ ಭುಜಕ್ಕೆ ಕೈ ಹಾಕಿದ. ನಾನು ಅವನನ್ನು ದೂಡಿದೆ.

ಯಜಮಾನರಿಗೆ ಎಲ್ಲ ತಿಳಿಯುತ್ತಿತ್ತು. ಎಡಗೈ ಎತ್ತಿ ನೆಲ ತೋರಿಸಿದರು. ಒಮ್ಮೆಯಲ್ಲ, ನಾಲ್ಕೈದು ಸಲ. ಏಳು ವರ್ಷ ಬಿಡದ ಮಂಚವನ್ನು ಬಿಟ್ಟು ನೆಲಕ್ಕೆ ಹೋಗುತ್ತೇನೆ ಎಂದು ಕಣ್ಣಿನಲ್ಲೇ ಬೇಡಿದರು. ನಾನು ಆ ಕೈಯನ್ನು ಹಿಡಿದು ಪುನಃ ಮಂಚದ ಪಟ್ಟಿಯ ಮೇಲೆ ಇಟ್ಟೆ. ಕೈ ಅಲ್ಲಿರುವಾಗಲೇ ಹೋದರು. ಆಮೇಲೆ ಇಳಿಸಿದೆವು. ಪುರೋಹಿತರ ಹತ್ತಿರ ಜೀವ ಇರುವಾಗಲೇ ಇಳಿಸಿದ್ದು ಎಂದೆ. ಹಾಗಾಗಿ ಅಂಥ ಸಾವಿಗೆ ಮಾಡಬೇಕಾದ ಪ್ರಾಯಶ್ಚಿತ್ತವೂ ಆಗಲಿಲ್ಲ. ಉದಯಶಂಕರ ಅಂದಿನಿಂದ ನನ್ನ ಕೈಯಿಂದ ಊಟ ಮಾಡುತ್ತಿಲ್ಲ.

ನಿಮ್ಮ ಡಿಸೆಂಬರಿನ ಪತ್ರ ಬಾರದಿದ್ದರೆ ಬಹುಶಃ ಇಳಿಸುತ್ತಿದ್ದೆ. ಸಖಿಯರ ಸಾಲು ಎಂದು ಬರೆದಿರಲ್ಲ, ಅಂದೇ ತೀರ್ಮಾನ ಮಾಡಿದೆ. ಮಂಚ ಕೊಡುತ್ತೇನೆ, ಯಾರೂ ಮಲಗಬಾರದಂಥ ಮಂಚ ಮಾಡಿ ಕೊಡುತ್ತೇನೆ ಎಂದು. ಆ ಪತ್ರವನ್ನೂ ನಿಮ್ಮ ಬೀಗಿತ್ತಿಗೆ ಕಳಿಸಿದ್ದೇನೆ. "ಭಟ್ಟರದ್ದು ಅಷ್ಟರೊಳಗೆ ಆಗಬಹುದೇ" ಎಂಬುದನ್ನು ಆಕೆ ನಿಮ್ಮ ಅಕ್ಷರದಲ್ಲೇ ಓದಲಿ.

ಯಜಮಾನರು ಹೇಳುತ್ತಿದ್ದರು: "ಅಷ್ಟು ಜನ ಇದ್ರೂ ಅವಳು ನನ್ನನ್ನು ನೋಡಿಯೇ ಹಾಡುದು. ಮಂಚವನ್ನು ಬೇರೆ ಯಾರ ಮನೆಗೂ ಕೊಡಲಿಲ್ಲ, ನನಗೇ ಕೊಟ್ಟದ್ದು." ನನ್ನ ಜೀವಮಾನವನ್ನು ನೀವು ಹಾಗೆ ನೋಡಿ ನೋಡಿಯೇ ತೆಗೆದುಕೊಂಡಿರಿ. ನಾನು ತೆಗೆದುಕೊಂಡದ್ದು ಒಂದು ಮಂಚ ಮಾತ್ರ. ನನಗೆ ಪಶ್ಚಾತ್ತಾಪವಿಲ್ಲ.

ಮನೋರಮಾ

&nbsp;

ಮೈಸೂರು
೨೯-೩-೧೯೫೯

ಮನೋರಮಮ್ಮನವರಿಗೆ,

ನೀವು ಎಣಿಸಿದ್ದು ಎಣಿಸಿದ ಹಾಗೆಯೇ ಆಯಿತು. ಪೂರ್ತಿ ತಿಳಿದುಕೊಳ್ಳುವ ಹಕ್ಕು ನಿಮಗಿದೆ, ಅದಕ್ಕೇ ಬರೆಯುತ್ತಿದ್ದೇನೆ.

ಪತ್ರ ತಲುಪಿದ ದಿನ ಬೀಗಿತ್ತಿ ಮೂರ್ಛೆ ಹೋದಳಂತೆ. ಎದ್ದವಳು ಮನೆಯನ್ನೆಲ್ಲ ತೊಳೆಸಿದಳು. ಮಂಚವನ್ನು ಹಿತ್ತಿಲಿಗೆ ಎಳೆಸಿ ಕೊಡಲಿ ಹಾಕಿಸಿದಳು. ಬೀಟೆ ಗಟ್ಟಿ ಮರ, ಇಬ್ಬರು ಆಳು ಮಧ್ಯಾಹ್ನದವರೆಗೆ ಕಡಿದರಂತೆ. ಊರ್ಮಿಳಾ ಜಗಲಿಯಲ್ಲಿ ನಿಂತು ನೋಡುತ್ತಿದ್ದಳು. ಅಳಿಯ ಅವಳನ್ನು ಮೈಸೂರಿನ ಬಸ್ಸು ಹತ್ತಿಸಿ, ಟಿಕೆಟನ್ನು ಕೈಗೆ ಕೊಟ್ಟು ಇಳಿದುಹೋದ. ಸಾವಿನ ಮಂಚದಲ್ಲಿ ಶೋಭನವಾದವಳು ಮನೆಗೆ ಬೇಡ, ಒಬ್ಬನ ಸಾವಿಗೆ ದಿನ ಎಣಿಸಿದವಳ ಮಗಳು ಅಂತೂ ಬೇಡವೇ ಬೇಡ ಎಂದು ಕಾಗದ ಬಂದಿದೆ. ಅವರು ಹೇಳಿದ್ದರಲ್ಲಿ ತಪ್ಪೇನೂ ಇಲ್ಲ. ದಿನ ಎಣಿಸಿದವಳು ನಾನೇ.

ಮಗಳು ನನ್ನ ಹತ್ತಿರ ಮಾತು ಬಿಟ್ಟಿದ್ದಾಳೆ. ಅನ್ನ ಹಾಕಿದರೆ ತಿನ್ನುತ್ತಾಳೆ, ಹಾಕದಿದ್ದರೆ ಕೇಳುವುದಿಲ್ಲ. ಹಾಗಾಗಿ ನೀವು ಗೆದ್ದಿರಿ, ಅದರಲ್ಲಿ ಎರಡು ಮಾತಿಲ್ಲ.

ಒಂದು ವಿಷಯ ಮಾತ್ರ ನಿಮಗೆ ಗೊತ್ತಿರಲಿ. ಕಂಪೆನಿ ಮುಳುಗಿದಾಗ ನನ್ನ ಸಾಮಾನನ್ನು ಯಾರ ಯಾರ ಮನೆಗೆ ಹಾಕುವುದೆಂದು ಪಟ್ಟಿ ಮಾಡಿದವನು ನಮ್ಮ ಮ್ಯಾನೇಜರು. ಹಾಸಿಗೆ ಒಬ್ಬರಲ್ಲಿ, ಪಾತ್ರೆ ಒಬ್ಬರಲ್ಲಿ, ಟ್ರಂಕು ಇನ್ನೊಬ್ಬರಲ್ಲಿ. ಮಂಚ ಯಾರ ಮನೆಯಲ್ಲಿದೆ ಎಂಬುದೇ ನನಗೆ ಮರೆತುಹೋಗಿತ್ತು. ಕಳೆದ ಸೆಪ್ಟೆಂಬರಿನಲ್ಲಿ ಆ ಮ್ಯಾನೇಜರಿಗೆ ಬರೆದು ನಿಮ್ಮ ಯಜಮಾನರ ಹೆಸರು ತರಿಸಿಕೊಂಡೆ. ರಸಿಕಶ್ರೇಷ್ಠ ಎಂದು ಎಲ್ಲರಿಗೂ ಬರೆಯುತ್ತೇನೆ, ನನ್ನ ಮನೆಯ ಓನರಿಗೂ ಬರೆದಿದ್ದೇನೆ.

ಅವರನ್ನು ನೋಡಿ ಹಾಡಿದೆನೆಂದು ಬರೆದಿದ್ದೀರಿ. ರಂಗದ ತುದಿಯಲ್ಲಿ ಎಂಟು ಗ್ಯಾಸ್ ಲೈಟು ಉರಿಯುತ್ತಿದ್ದವು. ಅದರ ಆಚೆ ನಮಗೆ ಬರೀ ಕತ್ತಲೆ, ಮೊದಲ ಸಾಲಿನ ಮನುಷ್ಯನ ಮೂಗು ಕೂಡ ಕಾಣುತ್ತಿರಲಿಲ್ಲ. ಅವರು ಆಟ ಮುಗಿದ ಮೇಲೆ ಎಂದಾದರೂ ಒಳಗೆ ಬಂದು ಕೈಮುಗಿದಿರಬಹುದು. ದಿನಾ ಇಪ್ಪತ್ತು ಮೂವತ್ತು ಜನ ಬಂದು ಕೈಮುಗಿಯುತ್ತಿದ್ದರು.

ನೀವು ನಿಮ್ಮ ಗಂಡನ ಸದ್ಗತಿ ಕೆಡಿಸಿದ್ದು ಯಾರಿಗಾಗಿ ಎಂದು ಈ ಮೂರು ವಾರ ಕೂತು ಯೋಚಿಸಿದೆ. ಅವರ ಮುಖವನ್ನು ನೆನಪಿಗೆ ತಂದುಕೊಳ್ಳಲು ನಿಜವಾಗಿಯೂ ಪ್ರಯತ್ನಿಸಿದೆ. ಬರಲಿಲ್ಲ. ಭಟ್ಟರು ಕಪ್ಪಗಿದ್ದರೇ, ಬೆಳ್ಳಗಿದ್ದರೇ? ಬಿಡುವಾದಾಗ ಒಂದು ಕಾರ್ಡಿನಲ್ಲಿ ಬರೆದು ತಿಳಿಸಿ.

ವಸುಮತಿ